ಸರೋಜಕ್ಕನಿಗೆ ನಾನು ಹೇಳಿದ ‘ನಾರ್ಮಲ್’

ಸರೋಜಕ್ಕ, ನಿಮ್ಮ ರಕ್ತದಲ್ಲಿ ಸಕ್ಕರೆ ಸರಿಯಾಗಿದೆ ಎಂದು ನಾನು ಹೇಳಿದ್ದು ಸುಳ್ಳು. ತಿಳಿಯದೆ ಹೇಳಿದ್ದಲ್ಲ, ತಿಳಿದೇ ಹೇಳಿದ್ದು. ಪರೀಕ್ಷೆಗೆಂದು ನಿಮ್ಮಿಂದ ತೆಗೆದ ರಕ್ತವನ್ನು ದಾರಿಯಲ್ಲಿ ಕೆಡಿಸಿದವಳು ನಾನು. ಆ ಕೆಟ್ಟ ರಕ್ತದಿಂದ ಬಂದ ಚೆಂದದ ಅಂಕಿಯನ್ನು ನಿಮಗೆ ಫೋನಿನಲ್ಲಿ ಓದಿ ಹೇಳಿದವಳೂ ನಾನೇ.

ಇಷ್ಟು ಬರೆದು ಎದ್ದು ಅಡುಗೆಮನೆಗೆ ಹೋಗಿ ಬಂದೆ. ಏನು ತರಲು ಹೋದೆನೋ ಗೊತ್ತಿಲ್ಲ, ಬರಿಗೈಯಲ್ಲಿ ವಾಪಸು ಬಂದೆ. ನಿಮಗೆ ಹೇಳಬೇಕೆಂದು ಹೊರಟಾಗಲೆಲ್ಲ ನನಗೆ ಹೀಗೇ ಆಗುತ್ತದೆ—ಕೂತಲ್ಲಿ ಕೂರಲಾಗುವುದಿಲ್ಲ. ಈ ಸಲ ಎಷ್ಟು ಬಾರಿ ಎದ್ದರೂ ಮತ್ತೆ ಬಂದು ಕೂತು ಮುಗಿಸುತ್ತೇನೆ.

ಆಗ ನಾನು ಧಾರವಾಡದಿಂದ ಬಂದು ವಡೋದರದ ಒಂದು ಸಂಶೋಧನೆಯಲ್ಲಿ ಸಹಾಯಕಿಯಾಗಿದ್ದೆ. ಮೈತೂಕ ಹೆಚ್ಚಿರುವವರಲ್ಲಿ ಯಾರು ಸಕ್ಕರೆ ಕಾಯಿಲೆಯ ಹೊಸ್ತಿಲಿಗೆ ಬಂದು ನಿಂತಿದ್ದಾರೆ, ಅದನ್ನು ಮೊದಲೇ ಹೇಳುವ ಗುರುತು ಮೈಮೇಲೆ ಏನಿದೆ, ರಕ್ತದಲ್ಲಿ ಏನಿದೆ—ಇದನ್ನು ಹುಡುಕುವುದು ನಮ್ಮ ಮೇಡಂ ಅವರ ಕೆಲಸ. ನನ್ನ ಪಾಲಿಗೆ ಬಂದದ್ದು ಟೇಪು ಮತ್ತು ಸೂಜಿ. ವಡೋದರದಲ್ಲೇ ಇರುವ ಮಕರಪುರದ ಕಾರ್ಖಾನೆಗಳಿಗೆ ಹೋಗಿ ಗಂಡಸರನ್ನು ಅಳೆಯುತ್ತಿದ್ದೆ. ಅಹಮದಾಬಾದಿಗೆ ಬಂದು ವಸ್ತ್ರಾಪುರದಲ್ಲಿ ಸೊಸೈಟಿ ಎಂದು ಕರೆಯುವ ವಸತಿ ಸಮುಚ್ಚಯಗಳಲ್ಲಿ ಮನೆ ಮನೆಗೂ ಹೋಗಿ ಹೆಂಗಸರನ್ನು ಅಳೆಯುತ್ತಿದ್ದೆ. ಸೊಂಟ ಎಷ್ಟು, ಪೃಷ್ಠ ಎಷ್ಟು, ಕುತ್ತಿಗೆಯ ಹಿಂದೆ ಚರ್ಮ ಕಪ್ಪಾಗಿದೆಯೇ, ರಕ್ತದೊತ್ತಡ ಎಷ್ಟು. ಕೊನೆಗೆ, ಇನ್ನೊಂದು ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿರಲು ಹೇಳಿ, ರಕ್ತ.

ಭೂಕಂಪ ಆದ ವರ್ಷದ ಬೇಸಿಗೆ ಅದು. ನಿಮ್ಮ ಸೊಸೈಟಿಯಲ್ಲಿ ಇನ್ನೂ ಯಾರೂ ಲಿಫ್ಟ್ ಹತ್ತುತ್ತಿರಲಿಲ್ಲ. ನಾಲ್ಕು ಮಹಡಿ ಮೆಟ್ಟಿಲೇರಿ ಬಂದ ನಾನು ನಿಮ್ಮ ಮನೆಯ ಬಾಗಿಲಲ್ಲಿ ಚೀಲ ಇಳಿಸುವಾಗ “ಯವ್ವಾ, ಸಾಕಾತು!” ಎಂದು ಗೊಣಗಿದ್ದು ನಿಮ್ಮ ಕಿವಿಗೆ ಬಿತ್ತು. “ಅಯ್ಯೋ, ಕನ್ನಡದ ಹುಡುಗಿ ಕಣ್ರೀ!” ಎಂದು ಒಳಗಿದ್ದ ನಿಮ್ಮ ಯಜಮಾನರಿಗೆ, ಮೂರ್ತಿಯವರಿಗೆ, ಕೂಗಿ ಹೇಳಿದಿರಿ. ಅವರ ಬ್ಯಾಂಕಿನ ವರ್ಗಾವಣೆಯಲ್ಲಿ ತುಮಕೂರಿನಿಂದ ಬಂದವರು ನೀವು. ನನ್ನ ಮಾತು ಕೇಳಿ ನಕ್ಕಿರಿ, ನಿಮ್ಮ ಮಾತು ಕೇಳಿ ನಾನೂ ನಕ್ಕೆ. ನಿಮ್ಮ ಹತ್ತು ವರ್ಷದ ಮಗಳು ಪಲ್ಲವಿ ಮಾತ್ರ ನಮ್ಮಿಬ್ಬರನ್ನೂ ಬೇರೆ ದೇಶದವರಂತೆ ನೋಡಿ ಗುಜರಾತಿಯಲ್ಲಿ ಏನೋ ಕೇಳಿದಳು.

ಟೇಪು ಹಿಡಿದು ನಿಮ್ಮ ಸೊಂಟದ ಸುತ್ತ ಕೈ ಹಾಕಿದಾಗ ನೀವು ಉಸಿರು ಬಿಗಿಹಿಡಿದಿರಿ. ಎಲ್ಲ ಹೆಂಗಸರೂ ಹಾಗೆಯೇ ಮಾಡುತ್ತಿದ್ದರು, ಅಳತೆ ಒಂದಿಂಚು ಕಡಿಮೆಯಾಗಲಿ ಎಂದು. “ಉಸಿರು ಬಿಡ್ರಿ ಅಕ್ಕಾರ, ನಾ ಯಾರಿಗೂ ಹೇಳೂದಿಲ್ಲ” ಎಂದೆ. ಕೂದಲು ಎತ್ತಿ ಕುತ್ತಿಗೆ ನೋಡಿದೆ. ಕಪ್ಪಗಿತ್ತು, ಮಡಿಕೆ ಮಡಿಕೆಯಾಗಿ ದಪ್ಪಗಿತ್ತು. ಕಡಲೆಹಿಟ್ಟು ಹಚ್ಚಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ ಎಂದು ನಾಚಿಕೊಂಡಿರಿ. ಅದು ಕೊಳೆಯಲ್ಲ, ಮೈಯೊಳಗೆ ಸಕ್ಕರೆಯ ಲೆಕ್ಕ ತಪ್ಪುತ್ತಿರುವ ಸೂಚನೆ ಇರಬಹುದು ಎಂದು ನನಗೆ ಗೊತ್ತಿತ್ತು. ಗುರುತುಗಳನ್ನು ಹುಡುಕುವುದೇ ನನ್ನ ಕೆಲಸವಾಗಿತ್ತಲ್ಲ.

ಆಗಲೇ ನೀವು ನಿಮ್ಮ ತಾಯಿಯ ಕಥೆ ಹೇಳಿದ್ದು. ಅವರಿಗೆ ಇದೇ ಕಾಯಿಲೆ, ಕೊನೆಯ ವರ್ಷಗಳಲ್ಲಿ ಕಣ್ಣು ಕಾಣದೆ ಗೋಡೆ ಹಿಡಿದು ಓಡಾಡಿದವರು. ನಿಮಗೂ ಬರುತ್ತದೆಂಬ ಹೆದರಿಕೆಗೆ ಒಂದು ವರ್ಷದಿಂದ ಕಾಫಿಗೆ ಸಕ್ಕರೆ ಬಿಟ್ಟಿದ್ದಿರಿ. ಸಂಜೆ ಹೊತ್ತು ಸೊಸೈಟಿಯ ಕಾಂಪೌಂಡಿನ ಒಳಗೇ ಸುತ್ತು ಹಾಕುತ್ತಿದ್ದಿರಿ. ಮೂರ್ತಿಯವರು ಅದನ್ನೂ ತಮಾಷೆ ಮಾಡುತ್ತಿದ್ದರು. “ಗಾಣದೆತ್ತು ಸುತ್ತೋದು ಸುತ್ತುತ್ತೆ, ಕರಗೋದು ಮಾತ್ರ ಇಲ್ಲ” ಎಂದು. ನೀವು ನಗುತ್ತಿದ್ದಿರಿ, ಆದರೆ ಸುತ್ತುವುದನ್ನು ಬಿಡಲಿಲ್ಲ. ಎಷ್ಟು ಗಟ್ಟಿ ಮನಸ್ಸು ನಿಮ್ಮದು ಎಂದು ಆಗ ನನಗೆ ಅನ್ನಿಸಿತ್ತು—ಈಗಲೂ ಅನ್ನಿಸುತ್ತದೆ.

ರಕ್ತ ತೆಗೆಯುವ ದಿನದ ಬಗ್ಗೆ ಹೇಳುವ ಮೊದಲು ಒಂದು ವಿಷಯ ಬಿಡಿಸಿ ಹೇಳಬೇಕು. ಮೈಯಿಂದ ಹೊರಗೆ ಬಂದ ಮೇಲೂ ರಕ್ತದ ಕಣಗಳು ಸ್ವಲ್ಪ ಹೊತ್ತು ಬದುಕಿರುತ್ತವೆ. ಬದುಕಿರುವುದಕ್ಕೆ ಆಹಾರ ಬೇಕು, ಟ್ಯೂಬಿನಲ್ಲಿ ಅವಕ್ಕೆ ಸಿಗುವುದು ಅದೇ ರಕ್ತದ ಸಕ್ಕರೆ. ಅದನ್ನು ತಿನ್ನುತ್ತಾ ಹೋಗುತ್ತವೆ, ಸೆಕೆ ಹೆಚ್ಚಿದಷ್ಟೂ ಬೇಗ. ಅದಕ್ಕೇ ಸಕ್ಕರೆ ನೋಡುವ ರಕ್ತಕ್ಕೆ ಬೂದು ಮುಚ್ಚಳದ ಬೇರೆ ಟ್ಯೂಬು. ಅದರ ತಳದಲ್ಲಿರುವ ಪುಡಿ ಕಣಗಳ ಬಾಯಿ ಕಟ್ಟುತ್ತದೆ. ನಾನು ಕೆಲಸಕ್ಕೆ ಸೇರಿದ ದಿನವೇ ಮೇಡಂ ಇದನ್ನು ಹೇಳಿಕೊಟ್ಟಿದ್ದರು. ಬೂದು ಟ್ಯೂಬು ಇಲ್ಲದಿದ್ದರೆ ಸೂಜಿ ಚುಚ್ಚಲೇಬಾರದು. ತೆಗೆದ ರಕ್ತ ಐಸ್ ಡಬ್ಬಿಯಲ್ಲಿರಬೇಕು. ಮತ್ತೆ, ಯಾರ ಮನೆಯಲ್ಲೂ ತಿನ್ನುತ್ತಾ ಕೂರಬಾರದು.

ಅಂದು ನಿಮ್ಮ ತೋಳಿನಲ್ಲಿ ನರ ಸಿಗಲಿಲ್ಲ. ಎಡಗೈಯಲ್ಲಿ ಚುಚ್ಚಿದೆ, ಬಲಗೈಯಲ್ಲಿ ಚುಚ್ಚಿದೆ, ಕೊನೆಗೆ ಮುಂಗೈಯಲ್ಲಿ ಸಿಕ್ಕಿತು. ನಿಮ್ಮ ಕಣ್ಣಲ್ಲಿ ನೀರು. ರಕ್ತ ಸಿರಿಂಜಿಗೆ ಬಂದ ಮೇಲೆ ಟ್ಯೂಬಿಗೆಂದು ಡಬ್ಬಿ ತೆರೆದರೆ—ಬೂದು ಮುಚ್ಚಳ ಒಂದೂ ಇಲ್ಲ. ಹಿಂದಿನ ದಿನ ಮಕರಪುರದಲ್ಲಿ ಎಲ್ಲ ಮುಗಿದಿತ್ತು, ತುಂಬಿಸಿಕೊಳ್ಳುವುದನ್ನು ಮರೆತಿದ್ದೆ. ಬೆಳಗಿನ ಗಾಡಿ ಹತ್ತುವ ಮುಂಚೆ ಡಬ್ಬಿ ತೆರೆದು ನೋಡುವ ರೂಢಿ ನನ್ನದು. ಅಂದು ಅದನ್ನೂ ಮಾಡಿರಲಿಲ್ಲ. ಕೊಬ್ಬು ನೋಡುವುದಕ್ಕಿದ್ದ ನೇರಳೆ ಮುಚ್ಚಳದ ಟ್ಯೂಬುಗಳಷ್ಟೇ ಇದ್ದವು. ಅದರಲ್ಲಿ ರಕ್ತ ಹೆಪ್ಪುಗಟ್ಟುವುದಿಲ್ಲ, ಆದರೆ ಕಣಗಳ ಬಾಯಿಯನ್ನೂ ಅದು ಕಟ್ಟುವುದಿಲ್ಲ. ಎಲ್ಲವನ್ನೂ ಅದಕ್ಕೇ ಹಾಕಿದೆ. ಐಸ್ ಇದೆಯಲ್ಲ, ಬೇಗ ಹೊರಟರಾಯಿತು ಎಂದುಕೊಂಡೆ.

ಬೇಗ ಹೊರಟೆನೇ? ಇಲ್ಲ. ನೀವು ಬೆಳಗಿನಿಂದ ಖಾಲಿ ಹೊಟ್ಟೆಯಲ್ಲಿದ್ದು, ನನಗೋಸ್ಕರ ತಟ್ಟೆ ಇಡ್ಲಿ ಹಾಕಿದ್ದಿರಿ. ತಟ್ಟೆಗಳನ್ನು ಊರಿಂದ ತರಿಸಿದ್ದೆಂದು ಹೇಳಿದಿರಿ. ವಡೋದರದ ಮೆಸ್ಸಿನಲ್ಲಿ ತಿಂಗಳುಗಟ್ಟಲೆ ಸಿಹಿ ಬೇಳೆ ಉಂಡು ಉಂಡು ನನ್ನ ನಾಲಿಗೆ ಸತ್ತುಹೋಗಿತ್ತು. “ತಿನ್ನೇ, ನಮ್ಮನೇಲಿ ಯಾರೂ ಹಸ್ಕೊಂಡ್ ಹೋಗಲ್ಲ” ಎಂದಿರಿ. ಒಂದು ತಿಂದೆ. ಚಟ್ನಿ ಹಾಕಿದಿರಿ, ಇನ್ನೊಂದು ತಿಂದೆ. ನಿಮ್ಮ ಅತ್ತೆಯ ಮಾತು, ನನ್ನ ಹಾಸ್ಟೆಲಿನ ಮಾತು, ಕಾಫಿ. ಚೀಲ ನನ್ನ ಕುರ್ಚಿಯ ಕೆಳಗೆ ಇತ್ತು. ನಿಮ್ಮ ಊಟದ ಮೇಜಿನ ಮೇಲೆ ನಾನು ತಿನ್ನುತ್ತಿದ್ದೆ, ಮೇಜಿನ ಕೆಳಗೆ ನಿಮ್ಮ ರಕ್ತ ತನ್ನ ಸಕ್ಕರೆಯನ್ನು ತಾನು ತಿನ್ನುತ್ತಿತ್ತು. ನನಗೆ ಆ ನೆನಪಿರಲಿಲ್ಲ ಎಂದು ಹೇಳುವ ಹಾಗಿಲ್ಲ—ನೆನಪಿತ್ತು. ಏಳಬೇಕು, ಏಳಬೇಕು ಎನ್ನುತ್ತಲೇ ಕೂತಿದ್ದೆ.

ಗಾಡಿ ತಪ್ಪಿತು. ಮುಂದಿನದು ತಡವಾಗಿ ಬಂತು. ನಿಲ್ದಾಣದ ಆ ಬಿಸಿಲಿನಲ್ಲಿ ಐಸ್ ಕರಗಿ ನೀರಾಗಿ, ನೀರೂ ಬೆಚ್ಚಗಾಯಿತು. ವಡೋದರ ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ಆ ರಕ್ತವನ್ನು ಚೆಲ್ಲಬೇಕಿತ್ತು. ಮೇಡಂಗೆ “ಕೆಟ್ಟಿತು, ಮತ್ತೆ ತೆಗೀತೀನಿ” ಎನ್ನಬೇಕಿತ್ತು. ಒಂದು ಬೈಗುಳ ತಿಂದಿದ್ದರೆ ಮುಗಿಯುತ್ತಿತ್ತು. ಆದರೆ ಹಿಂದಿನ ವಾರವಷ್ಟೇ ಅವರು ಎಲ್ಲರೆದುರು ನನ್ನನ್ನು ಹೊಗಳಿದ್ದರು, ಈ ಹುಡುಗಿ ತಂದ ಸ್ಯಾಂಪಲ್ ಕಣ್ಣು ಮುಚ್ಚಿ ತಗೋಬಹುದು ಎಂದು. ಆ ಹೊಗಳಿಕೆ ನನ್ನ ತಲೆಗೇರಿತ್ತು. ಲ್ಯಾಬಿನ ಪಕ್ಕದ ಸ್ಟೋರ್ ರೂಮಿಗೆ ಹೋಗಿ ಒಂದು ಬೂದು ಟ್ಯೂಬು ತೆಗೆದುಕೊಂಡೆ. ನೇರಳೆ ಟ್ಯೂಬಿನ ರಕ್ತವನ್ನು ಅದಕ್ಕೆ ಸುರಿದೆ. ಎರಡು ಹನಿ ನೆಲಕ್ಕೆ ಬಿದ್ದವು, ಚಪ್ಪಲಿಯಿಂದ ಒರೆಸಿದೆ.

ಲ್ಯಾಬಿನ ಕಿರೀಟ್‌ಭಾಯ್ ಟ್ಯೂಬು ಕೈಗೆ ತೆಗೆದುಕೊಂಡು ಎಂದಿನಂತೆ ಕೇಳಿದರು: “ಕೆಟಲಾ ವಾಗೇ ಲೀಧು, ಬೆನ್?” ಎಷ್ಟು ಗಂಟೆಗೆ ತೆಗೆದದ್ದು ಎಂದು. ಅವರು ಎಲ್ಲರನ್ನೂ ಕೇಳುವ ಮಾತು. ನನಗೋ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಗಾಡಿ ಹತ್ತುವ ಸ್ವಲ್ಪ ಮುಂಚೆ ಎಂದೆ, ಬೂದು ಟ್ಯೂಬಿಗೇ ತೆಗೆದದ್ದು ಎಂದು ಕೇಳದಿದ್ದರೂ ಸೇರಿಸಿದೆ. ಅವರು ನಂಬಿದರು. ನಂಬದಿರಲು ಅವರಿಗೆ ಕಾರಣವಿರಲಿಲ್ಲ.

ಸಕ್ಕರೆ ಸರಿಯಾಗಿದೆ ಎಂದು ಬಂತು. ಬರದೆ ಇನ್ನೇನು—ಎಷ್ಟೋ ಭಾಗ ದಾರಿಯಲ್ಲೇ ಖರ್ಚಾಗಿತ್ತು. ಅಷ್ಟು ಹೊತ್ತು ಬಿಸಿಲಲ್ಲಿದ್ದ ರಕ್ತದಲ್ಲೂ ಅಷ್ಟು ಉಳಿದಿದೆಯೆಂದರೆ ತೆಗೆದಾಗ ಎಷ್ಟಿದ್ದಿರಬೇಕು ಎಂಬ ಲೆಕ್ಕ ನನಗೆ ಬರುತ್ತಿತ್ತು, ಸರೋಜಕ್ಕ. ನಾನು ಆ ಲೆಕ್ಕ ಮಾಡಲಿಲ್ಲ. ಎಸ್‌ಟಿಡಿ ಬೂತಿನಿಂದ ನಿಮಗೆ ಫೋನ್ ಮಾಡಿದೆ. ನೀವು “ಹೇಳೇ, ಹೇಳೇ, ನಂಗೆ ಎದೆ ಹೊಡ್ಕೊಳ್ತಿದೆ” ಎಂದಿರಿ.

“ಹೆದರಬ್ಯಾಡ್ರಿ ಅಕ್ಕಾರ. ನಿಮ್ಮದು ನಾರ್ಮಲ್ ಐತಿ.”

ನೀವು ಅತ್ತಿರಿ. ಆಮೇಲೆ ಫೋನ್ ಕೈಯಲ್ಲೇ ಹಿಡಿದು ಮೂರ್ತಿಯವರಿಗೆ ಕೂಗಿ ಹೇಳಿದಿರಿ. ನನ್ನ ತಾಯಿಯ ಹೊಟ್ಟೆ ತಣ್ಣಗಿರಲಿ ಎಂದು ಹರಸಿದಿರಿ. ಆ ಹರಕೆಯನ್ನು ನಾನು ಬೇಡ ಎನ್ನಲಿಲ್ಲ. ಉಂಡ ಮನೆಯ ಗಳ ಎಣಿಸಬಾರದು ಎನ್ನುತ್ತಾರೆ. ನಾನು ಗಳವನ್ನೇ ಕಿತ್ತು ತಂದಿದ್ದೆ.

ಕೆಲವು ವಾರಗಳ ಮೇಲೆ ಮೇಡಂ ನಮ್ಮನ್ನೆಲ್ಲ ಕೂರಿಸಿಕೊಂಡು ಅಲ್ಲಿಯವರೆಗಿನ ಫಲಿತಾಂಶ ನೋಡುತ್ತಿದ್ದರು. ಹೆಸರಿಲ್ಲದೆ ಬರೀ ಸಂಖ್ಯೆಯಿದ್ದ ನಿಮ್ಮ ಸಾಲಿನ ಮೇಲೆ ಅವರ ಪೆನ್ಸಿಲ್ ನಿಂತಿತು. ಸೊಂಟದ ಅಳತೆ ಹೆಚ್ಚು, ಕುತ್ತಿಗೆ ಕಪ್ಪು, ರಕ್ತದಲ್ಲಿ ಕೊಬ್ಬು ಹೆಚ್ಚು, ತಾಯಿಗೆ ಕಾಯಿಲೆ—ಆದರೂ ಸಕ್ಕರೆ ಸರಿಯಾಗಿದೆ. ನೋಡಿ, ಬರೀ ಗುರುತುಗಳನ್ನು ನಂಬಿಕೊಂಡರೆ ಹೀಗೆ ಮೋಸ ಹೋಗುತ್ತೇವೆ ಎಂದರು. ನಿಮ್ಮ ಮೈ ಇದ್ದದ್ದನ್ನು ಇದ್ದ ಹಾಗೆ ಹೇಳಿತ್ತು. ಮೋಸ ಮಾಡಿದ್ದು ನಾನು. ಬಾಯಿ ತೆರೆಯಲು ಅದಕ್ಕಿಂತ ಒಳ್ಳೆಯ ಗಳಿಗೆ ಯಾವುದಿತ್ತು? ನಾನು ತಲೆ ಬಗ್ಗಿಸಿ ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತೆ.

ಮುಂದಿನ ಸಲ ವಸ್ತ್ರಾಪುರಕ್ಕೆ ಬಂದಾಗ ನಿಮ್ಮ ಮನೆಯಲ್ಲಿ ಹಬ್ಬದ ಕಳೆ ಇತ್ತು. ಕಾಫಿಗೆ ಸಕ್ಕರೆ ಬಂದಿತ್ತು. ಫ್ರಿಜ್ಜಿನಲ್ಲಿ ಶ್ರೀಖಂಡದ ಡಬ್ಬಿ. ಸಂಜೆ ಸುತ್ತುವುದು ನಿಂತಿತ್ತು. ಈ ಸೆಕೆಯಲ್ಲಿ ಯಾರು ಸುತ್ತುತ್ತಾರೆ, ರಿಪೋರ್ಟೇ ಚೆನ್ನಾಗಿದೆಯಲ್ಲ ಎಂದಿರಿ. ಒಂದು ವರ್ಷ ಕಟ್ಟಿದ್ದ ಬಾಯಿಯನ್ನು ಬಿಚ್ಚಿದ್ದು ನನ್ನ ಮಾತು. “ಆದ್ರೂ ಸ್ವಲ್ಪ ನೋಡ್ಕೊಂಡಿರ್ರಿ” ಎಂದೆನೇನೋ. ಎಂದೆನೋ, ಎಂದೆ ಎಂದು ಆಮೇಲೆ ನಾನೇ ಕಲ್ಪಿಸಿಕೊಂಡೆನೋ—ನಿಜವಾಗಿ ಗೊತ್ತಿಲ್ಲ. ಅದಾದ ಮೇಲೆ ನಿಮ್ಮ ಸೊಸೈಟಿಯ ಕೆಲಸವನ್ನು ಬೇರೆಯವಳಿಗೆ ದಾಟಿಸಿಬಿಟ್ಟೆ.

ಮುಂದೆ ನನಗೆ ಸೂರತ್ತಿನಲ್ಲಿ, ಸಚಿನ್ ಎಂಬ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ದವಾಖಾನೆಯಲ್ಲಿ ಕೆಲಸ ಸಿಕ್ಕಿತು. ನಾಲ್ಕು ವರ್ಷ ನಿಮ್ಮನ್ನು ನೋಡಿರಲಿಲ್ಲ. ಒಂದು ದಿನ ತರಕಾರಿ ಸಂತೆಯಲ್ಲಿ “ಏನೇ, ಗುರುತು ಸಿಗ್ಲಿಲ್ವಾ?” ಎಂದು ಯಾರೋ ತೋಳು ಹಿಡಿದರು. ತಿರುಗಿದರೆ ನೀವು, ಕೈಯಲ್ಲಿ ಕೋಲು. ಮೂರ್ತಿಯವರಿಗೆ ಸೂರತ್ತಿಗೆ ವರ್ಗವಾಗಿತ್ತು. ನಿಮ್ಮ ಎಡಗಾಲಿನ ಮೇಲೆ ನನ್ನ ಕಣ್ಣು ಹೋಯಿತು. ಎರಡು ಬೆರಳಿರಲಿಲ್ಲ.

ಅಲ್ಲಿಂದ ನೇರ ಮನೆಗೆ ಕರೆದುಕೊಂಡು ಹೋದಿರಿ. ತಾರಸಿಯಲ್ಲಿ ಸಂಡಿಗೆ ಒಣಹಾಕಲು ಬರಿಗಾಲಲ್ಲಿ ಹೋಗಿದ್ದಿರಂತೆ. ಕಾದ ನೆಲ. ಅಂಗಾಲು ಸುಟ್ಟು ಬೊಬ್ಬೆ ಎದ್ದದ್ದು ನಿಮಗೆ ತಿಳಿಯಲೇ ಇಲ್ಲ. ನೆಲದ ಮೇಲೆ ಒದ್ದೆ ಹೆಜ್ಜೆ ಕಂಡಾಗ ತಿಳಿಯಿತು. ಗಾಯ ಮಾಯಲಿಲ್ಲ. ಆಸ್ಪತ್ರೆಯಲ್ಲಿ ಸಕ್ಕರೆ ನೋಡಿದ ಡಾಕ್ಟರು, ಇದು ಇವತ್ತು ನಿನ್ನೆಯದಲ್ಲ, ಎಷ್ಟು ವರ್ಷದಿಂದ ಇದೆ ಎಂದು ಕೇಳಿದರಂತೆ. ನೀವು ಅವರ ಜೊತೆ ವಾದ ಮಾಡಿದಿರಂತೆ—ಇಲ್ಲ ಡಾಕ್ಟರೇ, ಆಗ ನಾರ್ಮಲ್ ಇತ್ತು, ನಮ್ಮ ಹುಡುಗಿಯೇ ನೋಡಿ ಹೇಳಿದ್ದಾಳೆ ಎಂದು.

ನೀವು ಇದನ್ನು ಹೇಳುವಾಗ ಆ ‘ನಮ್ಮ ಹುಡುಗಿ’ ನಿಮ್ಮೆದುರೇ ಸೋಫಾದ ಮೇಲೆ ಕೂತಿದ್ದಳು, ಸರೋಜಕ್ಕ. ಆಗಲಾದರೂ ಹೇಳಬಹುದಿತ್ತು.

ಮೂರ್ತಿಯವರು ಪೇಪರಿನಿಂದ ತಲೆ ಎತ್ತಿ, “ಏನ್ ಮಾಡೋದಮ್ಮ, ಮಾಡಿದ್ದುಣ್ಣೋ ಮಹರಾಯ. ಕಂಡಿದ್ದೆಲ್ಲ ತಿಂದ್ಲು, ಈಗ ಕಾಲು ಕೊಟ್ಲು” ಎಂದರು. ಹೈಸ್ಕೂಲಿಗೆ ಬಂದಿದ್ದ ಪಲ್ಲವಿ ಟಿವಿಯಿಂದ ಕಣ್ಣು ತೆಗೆಯದೆ, “ಮಮ್ಮಿಗೆ ಕಂಟ್ರೋಲೇ ನಹೀ ಆಂಟಿ, ಮಿಠಾಯಿ ನೋಡಿದ್ರೆ ಬಸ್” ಎಂದಳು. ನೀವು ಅವರಿಬ್ಬರ ಮೇಲೆ ಸಿಟ್ಟಾಗುತ್ತೀರೆಂದು ಕಾದೆ. ಸಿಟ್ಟಾಗಲಿಲ್ಲ. “ನಿಜ ಕಣೇ. ನೀನು ಚೆನ್ನಾಗಿದೆ ಅಂತ ಹೇಳಿ ಹೋದೆ. ದೇವ್ರು ಕೊಟ್ಟ ಮೈನ ನಾನೇ ತಿಂದು ತಿಂದು ಹಾಳ್ ಮಾಡ್ಕೊಂಡೆ” ಎಂದಿರಿ. ಮೂರು ಜನವೂ ನನ್ನ ಮುಖ ನೋಡಿದಿರಿ, ಓದಿದವಳು ಏನು ಹೇಳುತ್ತಾಳೋ ಎಂದು.

“ಆಗಿದ್ದು ಆತು ಬಿಡ್ರಿ ಅಕ್ಕಾರ,” ಎಂದೆ ನಾನು. “ಇನ್ನ ಮ್ಯಾಲರೆ ಬಾಯಿ ಕಟ್ರಿ.”

ಟ್ಯೂಬು ಬದಲಿಸಿದ ದಿನ ನನಗೆ ಕಡಿಮೆ ವಯಸ್ಸು, ಹೆದರಿಕೆ, ಹುಚ್ಚು ಹೆಮ್ಮೆ. ಇವು ನೆಪಗಳು, ಇವನ್ನು ನಿಮ್ಮ ಮುಂದೆ ಇಡುವುದಿಲ್ಲ. ಆದರೆ ಸೂರತ್ತಿನ ಆ ಸೋಫಾದ ಮೇಲೆ ಕೂತು ನಾನು ಆಡಿದ ಮಾತಿಗೆ ನೆಪವೂ ಇಲ್ಲ. ನನ್ನ ತಪ್ಪನ್ನು ನಿಮ್ಮ ತಲೆಯ ಮೇಲೆ ಹೊರಿಸುತ್ತಿದ್ದವರ ಜೊತೆ ನಾನೂ ಒಂದು ಕೈ ಹಾಕಿದೆ. ನೀವು ತಲೆಯಾಡಿಸಿ, “ಹೂಂ ಕಣೇ, ಕಟ್ತೀನಿ” ಎಂದು ನನಗೆ ಮಾತು ಕೊಟ್ಟಿರಿ. ಎರಡು ಬೆರಳಿಗಿಂತ ಆ ‘ಹೂಂ’ ನನ್ನನ್ನು ಹೆಚ್ಚು ಸುಡುತ್ತದೆ.

ಸತ್ಯ ಹೇಳಿದ್ದರೆ ನಿಮಗೆ ಕಾಯಿಲೆ ಬರುತ್ತಲೇ ಇರಲಿಲ್ಲ ಎನ್ನಲಾರೆ. ಬಹುಶಃ ಆಗಲೇ ಬಂದಿತ್ತು. ಆದರೆ ನಿಮಗೆ ಗೊತ್ತಿರುತ್ತಿತ್ತು. ಗೊತ್ತಿದ್ದರೆ ನೀವು ಏನು ಮಾಡಬಲ್ಲವರು ಎಂಬುದನ್ನು ನಾನು ನೋಡಿದ್ದೆನಲ್ಲ; ಬರೀ ಹೆದರಿಕೆಗೇ ಒಂದು ವರ್ಷ ಸಕ್ಕರೆ ಬಿಟ್ಟವರು ನೀವು. ಔಷಧಿ ತೆಗೆದುಕೊಳ್ಳುತ್ತಿದ್ದಿರಿ, ಸುತ್ತುತ್ತಿದ್ದಿರಿ, ಡಾಕ್ಟರು ಕಾಲು ನೋಡಿಕೊಳ್ಳಿ ಎಂದಿದ್ದರೆ ಬರಿಗಾಲಲ್ಲಿ ತಾರಸಿ ಹತ್ತುತ್ತಿರಲಿಲ್ಲ. ಆ ವರ್ಷಗಳನ್ನು ನಿಮ್ಮಿಂದ ಕಿತ್ತುಕೊಂಡವಳು ನಾನು.

ಈಗ ಯಾಕೆ, ಇಷ್ಟು ಕಾಲ ಸುಮ್ಮನಿದ್ದವಳು—ಎಂದು ನೀವು ಕೇಳಬಹುದು. ಹೋದ ತಿಂಗಳು ಪಲ್ಲವಿ ನಮ್ಮ ಮನೆಗೆ ಬಂದಿದ್ದಳು. ಎರಡು ಮಕ್ಕಳ ತಾಯಿ, ನಿಮ್ಮದೇ ಮೈಕಟ್ಟು. ಚಹಾ ಬಗ್ಗಿಸುವಾಗ ಅವಳ ಕುತ್ತಿಗೆ ಕಂಡಿತು. ಇಷ್ಟು ವರ್ಷ ಕುತ್ತಿಗೆಗಳನ್ನು ನೋಡಿದ ಕಣ್ಣು ನನ್ನದು, ತಪ್ಪುವುದಿಲ್ಲ. ಒಮ್ಮೆ ಸಕ್ಕರೆ ನೋಡಿಸು ಎಂದೆ. ಅವಳು ನಕ್ಕಳು. “ನನಗೆ ಯಾಕೆ ಆಂಟಿ? ನಾನು ಮಮ್ಮಿ ತರಹ ತಿನ್ನೋದೇ ಇಲ್ಲ. ಸ್ವೀಟ್ ಮುಟ್ಟಲ್ಲ. ಮಮ್ಮಿಗೆ ಬಂದಿದ್ದು ತಿಂದಿದ್ದಕ್ಕೆ, ಅವಳೇ ಹೇಳ್ತಾಳಲ್ಲ.” ನಿಮ್ಮ ತಾಯಿಯ ವಿಷಯ ಹೇಳಿದೆ, ಮನೆತನದಲ್ಲಿ ಬರುವುದುಂಟು ಎಂದೆ. ಕೇಳಲಿಲ್ಲ. ನಿಮ್ಮದು ಒಮ್ಮೆ ನಾರ್ಮಲ್ ಇತ್ತಲ್ಲ, ಆಮೇಲೆ ತಾನೇ ಕೆಟ್ಟದ್ದು ಎಂದು ನನಗೇ ತಿರುಗಿ ಹೇಳಿದಳು. ನನ್ನ ಸುಳ್ಳು ನನ್ನೆದುರೇ ಕೂತು ಚಹಾ ಕುಡಿದು ಎದ್ದು ಹೋಯಿತು.

ಅಂದಿನಿಂದ ಮನೆಯೊಳಗೇ ಓಡಾಡುತ್ತಿದ್ದೇನೆ. ನಿಮಗೆ ಹೇಳಿದರೆ ನಿಮ್ಮ ಪ್ರೀತಿ ಹೋಗುತ್ತದೆ. ಈ ಊರಿನಲ್ಲಿ ನನ್ನನ್ನು ‘ಏನೇ’ ಎಂದು ಕರೆಯುವವರು ನೀವೊಬ್ಬರೇ. ಅದನ್ನು ಉಳಿಸಿಕೊಳ್ಳಲು ನಿಮ್ಮ ಕಾಲಿನ ಲೆಕ್ಕ ನುಂಗಿದೆ. ನಿಮ್ಮ ಮಗಳ ಮೈಯನ್ನೂ ನುಂಗಲೇ?

ಈ ಭಾನುವಾರ ಬರುತ್ತೇನೆ. ನಾನು ಬರುವ ಮೊದಲು ನೀವು ಇದನ್ನು ಓದಿರುತ್ತೀರಿ. ಮೂರ್ತಿಯವರೂ ಪಲ್ಲವಿಯೂ ಮನೆಯಲ್ಲಿರಲಿ. ಪಲ್ಲವಿಗೆ ಈ ಕನ್ನಡ ಓದಲು ಬರುವುದಿಲ್ಲ, ಅವಳಿಗೆ ಗುಜರಾತಿಯಲ್ಲಿ ನಾನೇ ಹೇಳುತ್ತೇನೆ, ಒಂದನ್ನೂ ಬಿಡದೆ. ಆಮೇಲೆ ಅವಳು ರಕ್ತ ಕೊಡಲಿ—ಬೇರೆ ಯಾರಾದರೂ ತೆಗೆಯಲಿ, ನಾನಲ್ಲ. ನೀವು ನನಗೆ ಬಾಗಿಲು ತೋರಿಸಿದರೆ ಹೋಗುತ್ತೇನೆ. ಕ್ಷಮಿಸಿ ಎಂದು ಕೇಳುವುದಕ್ಕೆ ಬರುತ್ತಿಲ್ಲ ಸರೋಜಕ್ಕ. ನಿಮ್ಮ ಗಂಡನ ಎದುರು, ನಿಮ್ಮ ಮಗಳ ಎದುರು, ತಪ್ಪು ನಿಮ್ಮದಾಗಿರಲಿಲ್ಲ ಎಂದು ಹೇಳುವುದಕ್ಕೆ ಬರುತ್ತಿದ್ದೇನೆ.